ನೀನು ಹತ್ತಬೇಕಿದ್ದ ಗುಡ್ಡ

ಹಸನಬ್ಬ, ಗಲ್ಫಿನಲ್ಲಿ, ಅಲ್ ಖರ್ಜಿನ ಡೈರಿಯಲ್ಲಿ ಆ ಕರು ಸತ್ತದ್ದು ನಿನ್ನಿಂದಲ್ಲ. ಅದರ ಪಾಲಿನ ಗಿಣ್ಣು ಹಾಲನ್ನು ಕದ್ದವನು ನಾನು. ಕದ್ದದ್ದು ಮಾತ್ರವಲ್ಲ — ಕೇಳಿದಾಗ ನಿನ್ನ ಹೆಸರು ಹೇಳಿದವನೂ ನಾನೇ. ನಿನ್ನ ಪಾಸ್‌ಪೋರ್ಟಿಗೆ ಎಕ್ಸಿಟ್ ಹೊಡೆಸಿ, ಕೆಲಸ ಬಿಡಿಸಿ ಊರಿಗೆ ಕಳಿಸಿದ್ದು ಕಂಪೆನಿ ಎಂದು ನೀನು ಇಂದಿಗೂ ತಿಳಿದಿದ್ದೀಯ. ಕಂಪೆನಿಯಲ್ಲ ಮಾರಾಯ, ನಿನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಈ ವಾಸು.

ಯಾಕೆ ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಹೆಣ್ಣಿಗಾಗಿ, ಮಣ್ಣಿಗಾಗಿ ಸ್ನೇಹಿತರು ಕಚ್ಚಾಡಿದ್ದನ್ನು ಕೇಳಿದ್ದೇವೆ. ನನಗೆ ಹೊಟ್ಟೆಕಿಚ್ಚು ಬಂದದ್ದು ಒಂದು ಗುಡ್ಡದ ಮೇಲೆ. ಅದೂ ನಾವಿಬ್ಬರೂ ಕಣ್ಣಿಂದ ನೋಡದ, ಸಮುದ್ರದಾಚೆ ಎಲ್ಲೋ ಮಂಜಿನಲ್ಲಿ ಕುಳಿತಿದ್ದ ಒಂದು ಗುಡ್ಡದ ಮೇಲೆ.

ಎಂಬತ್ತರ ದಶಕದ ನಡುವಿನ ವರ್ಷಗಳು ಅವು. ಮರಳಿನ ನಡುವೆ ತಗಡಿನ ಮಾಡು, ಮಾಡಿನ ಕೆಳಗೆ ನೀರಿನ ತುಂತುರು, ತುಂತುರಿನ ಕೆಳಗೆ ವಿಮಾನದಲ್ಲಿ ಬಂದಿಳಿದ ಕಪ್ಪು-ಬಿಳಿ ದನಗಳು. ನಮಗೆ ಕ್ಯಾಂಪಿನಲ್ಲಿ ಒಂದು ಹಳೆಯ ಕೂಲರ್. ದನಗಳಿಗೆ ಇದ್ದ ಸುಖ ನಮಗಿರಲಿಲ್ಲ. ನಾನು ಹೆಬ್ರಿ ಕಡೆಯವನು, ದನದ ಬಾಲ ಹಿಡಿದೇ ಬೆಳೆದವನು. ನೀನು ಬಜಪೆಯವನು. ನಿನ್ನ ತಾಯಿ ಬೀಡಿ ಕಟ್ಟಿ ಸಾಕಿದ ಹುಡುಗ, ಅಲ್ಲಿಗೆ ಬರುವ ಮೊದಲು ಒಂದು ದನದ ಹತ್ತಿರ ನಿಂತವನೂ ಅಲ್ಲ. ಇಳಿದ ದಿನ ನೀನು ಆ ದನಗಳ ಗಾತ್ರ ನೋಡಿ, "ಇದು ದನವಾ, ಆನೆಗೆ ಬಣ್ಣ ಹೊಡ್ದದ್ದಾ ವಾಸು?" ಎಂದು ನನ್ನ ಬೆನ್ನ ಹಿಂದೆ ನಿಂತೆ. ಹಾಲು ಕರೆಯುವ ಯಂತ್ರವನ್ನು ಕೆಚ್ಚಲಿಗೆ ಹಾಕುವುದನ್ನು ನಿನಗೆ ಕಲಿಸಿದ್ದು ನಾನು. ಇದನ್ನು ನೆನಪಿಸುವುದು ಹೆಚ್ಚುಗಾರಿಕೆಗಲ್ಲ. ನನ್ನ ಹೊಟ್ಟೆಯ ಉರಿ ಎಲ್ಲಿಂದ ಹತ್ತಿಕೊಂಡಿತು ಎಂದು ನಿನಗೆ ತಿಳಿಯಲಿ ಎಂದು.

ಹತ್ತಿಕೊಂಡದ್ದು ಒಂದು ಬಟ್ಟಲು ಗಿಣ್ಣಿನಿಂದ.

ಒಂದು ಮುದಿ ದನ ಕರು ಹಾಕಿತ್ತು. ಅದರ ಕರುವಿಗೆ ಬೇಕಾದಷ್ಟು ಕೊಟ್ಟ ಮೇಲೂ ಬಕೆಟು ತುಂಬ ಹಳದಿ ಹಾಲು ಉಳಿದಿತ್ತು. ಉಳಿದದ್ದನ್ನು ಅವರು ಮೋರಿಗೆ ಚೆಲ್ಲುತ್ತಿದ್ದರು. ಗಿಣ್ಣು ಹಾಲನ್ನು ಮೋರಿಗೆ! ನನ್ನ ಅಮ್ಮ ನೋಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದಳು. ನಾನು ಅದನ್ನು ಕ್ಯಾಂಪಿಗೆ ತಂದು, ಊರಿಂದ ತಂದ ಬೆಲ್ಲ ಪುಡಿ ಮಾಡಿ, ಏಲಕ್ಕಿ ಗುದ್ದಿ ಹಾಕಿ ಹಬೆಯಲ್ಲಿ ಬೇಯಿಸಿದೆ. ಗಿಣ್ಣು ಮಾಡಿದರೆ ಒಬ್ಬರೇ ತಿನ್ನಬಾರದು, ನೆರೆಹೊರೆಗೆಲ್ಲ ಹಂಚಬೇಕು. ಹಂಚದಿದ್ದರೆ ದನಕ್ಕೆ ದೃಷ್ಟಿಯಾಗುತ್ತದೆ. ಇದು ನಮ್ಮ ಮನೆಯ ನಂಬಿಕೆ. ಹಾಗೆ ಕ್ಯಾಂಪಿಗೆಲ್ಲ ಹಂಚಿದೆವು. ನೀನು ಒಂದು ಬಟ್ಟಲು ಎತ್ತಿಕೊಂಡು, "ಆ ಮುದುಕ ಮ್ಯಾನೇಜರಿಗೂ ಸ್ವಲ್ಪ ಕೊಟ್ಟು ಬರ್ತೇನೆ, ಪಾಪ, ಅವನಿಗೆ ಇಲ್ಲಿ ಯಾರುಂಟು?" ಎಂದು ಹೊರಟೆ.

ಬಹಳ ಹೊತ್ತಿನ ಮೇಲೆ ಬಂದೆ. ನಿನ್ನ ಮುಖ ಹೊಳೆಯುತ್ತಿತ್ತು.

ಮ್ಯಾನೇಜರ್ ಪ್ರೈಸ್ ಸಾಹೇಬರು ಒಂದು ಚಮಚ ಬಾಯಿಗಿಟ್ಟರಂತೆ. ಆಮೇಲೆ ಕಣ್ಣಲ್ಲಿ ನೀರು. ಅವರ ಊರಿನಲ್ಲೂ ದನ ಕರು ಹಾಕಿದಾಗ ಅವರ ತಾಯಿ ಇದನ್ನೇ ಮಾಡುತ್ತಿದ್ದಳಂತೆ, ನೆರೆಮನೆಗೆಲ್ಲ ಕೊಡುತ್ತಿದ್ದಳಂತೆ. ಆಕೆ ಸತ್ತ ಮೇಲೆ ಅವರು ಅದರ ರುಚಿ ನೋಡಿರಲೇ ಇಲ್ಲವಂತೆ.

"ಮಾಡಿದ್ದು ವಾಸು ಅಂತ ಹೇಳಿದ್ಯಾ?" ನಾನು ಕೇಳಿದ ಮೊದಲ ಮಾತು ಅದು.

"ಅಯ್ಯೋ, ಅವ್ರು ಕೇಳ್ಲೇ ಇಲ್ಲ ಮಾರಾಯ. ಅಮ್ಮನ ನೆನಪಾಗಿ ಅಳುವವರ ಹತ್ರ ಎಂತ ಹೇಳುದು?"

ನೀನು ಹೇಳಿದ್ದು ಸರಿಯೇ. ಅದರಲ್ಲಿ ಕಪಟವಿರಲಿಲ್ಲ. ಕಪಟವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು — ಜಗಳವಾಡಿ ಮುಗಿಸಬಹುದಿತ್ತು. ನೀನು ಒಳ್ಳೆಯವನಾಗಿದ್ದದ್ದೇ ನನಗೆ ಸಹಿಸಲಾಗದ್ದು.

ಅಂದಿನಿಂದ ನೀನು ಅವರ ಮನುಷ್ಯನಾದೆ. ಶುಕ್ರವಾರ ನಮಾಜು ಮುಗಿಸಿ ಊಟ ಮಾಡಿದ ಮೇಲೆ ಅವರ ಮನೆಯ ಜಗಲಿಗೆ ಹೋಗುತ್ತಿದ್ದೆ. ಮರಳಿ ಬರುವಾಗ ನಿನ್ನ ಬಾಯಲ್ಲಿ ಆ ಗುಡ್ಡ. ಕಾರ್ನ್‌ಡನ್ ಗುಡ್ಡ! ವೇಲ್ಸಿಗೂ ಇಂಗ್ಲೆಂಡಿಗೂ ನಡುವಿನ ಗಡಿಯಲ್ಲಿ ನಿಂತದ್ದು. ಮೂರು ಕಡೆ ಇಂಗ್ಲೆಂಡು, ಗುಡ್ಡ ಮಾತ್ರ ವೇಲ್ಸಿನದು. ಯಾವ ದಾರಿಯಿಂದ ಬಂದರೂ ಮೊದಲು ಕಾಣುವುದು ಅದೇ. ನೆತ್ತಿಯಲ್ಲಿ ಎಷ್ಟೋ ಸಾವಿರ ವರ್ಷದ ಹಿಂದಿನವರು ಸತ್ತವರಿಗಾಗಿ ರಾಶಿ ಹಾಕಿದ ಕಲ್ಲುಗಳಿವೆ. ಆಗಸ್ಟಿನಲ್ಲಿ ಮೈಯೆಲ್ಲ ನೇರಳೆ ಹೂ. ಬುಡದಲ್ಲಿ ಸಾಹೇಬರ ಅಪ್ಪನ ಮನೆ. ಅಲ್ಲಿ ಜಮೀನು ಹಿರಿಯ ಮಗನಿಗೆ ಹೋಗುತ್ತದಂತೆ, ಹಾಗೆ ಅಣ್ಣನಿಗೆ ಗುಡ್ಡ ಸಿಕ್ಕಿತು, ಇವರಿಗೆ ಮರಳು ಸಿಕ್ಕಿತು. ಅವರು ಅದರ ಒಂದು ಚಿತ್ರವನ್ನೂ ನಿನಗೆ ಕೊಟ್ಟರು. ನೀನು ಅದನ್ನು ನಿನ್ನ ಮಂಚದ ಗೋಡೆಗೆ ಅಂಟಿಸಿದೆ. ನಾನು ಮಗ್ಗುಲು ಬದಲಿಸಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು.

ಕವುಚಿ ಹಾಕಿದ ಅನ್ನದ ಪಾತ್ರೆಯ ಹಾಗೆ ಒಂದು ದುಂಡು ಗುಡ್ಡ. ಘಟ್ಟದ ಬುಡದಲ್ಲಿ ಹುಟ್ಟಿದ ನನಗೆ ಅದು ಯಾವ ಲೆಕ್ಕ? "ನಮ್ಮ ಕಡೆ ಇಂಥದಕ್ಕೆ ಹೆಸರೇ ಇಡುದಿಲ್ಲ, ದನ ಮೇಯಿಸ್ಲಿಕ್ಕೆ ಬಿಡ್ತೇವೆ," ಎಂದು ಚುಚ್ಚಿದೆ. ಮತ್ತೊಮ್ಮೆ "ದೂರದ ಬೆಟ್ಟ ನುಣ್ಣಗೆ ಮಾರಾಯ" ಎಂದೆ. ನೀನು ನಗುತ್ತ, "ಹತ್ರ ಹೋಗಿ ಕೈಯಾಡಿಸಿ ನೋಡಿ ಹೇಳ್ತೇನೆ, ನುಣ್ಣಗೆ ಉಂಟಾ ಇಲ್ವಾ ಅಂತ," ಎಂದೆ. ನಿನಗೆ ಯಾವ ಚುಚ್ಚೂ ತಾಗುತ್ತಿರಲಿಲ್ಲ. ಅದಕ್ಕೂ ನನಗೆ ಸಿಟ್ಟು.

ಒಂದು ಶುಕ್ರವಾರ ನೀನು ಆ ಗುಡ್ಡದ ಎದುರು ಹಿಂದೆಂದೋ ನಡೆಯಿತೆನ್ನುವ ಕಥೆ ಹೇಳಿದ್ದು ನೆನಪಿದೆಯೇ? ಬರಗಾಲದಲ್ಲಿ ಒಂದು ಬಿಳಿ ದನ ಬಂದು ನಿಂತಿತಂತೆ. ಒಬ್ಬೊಬ್ಬರು ಒಂದೊಂದು ಪಾತ್ರೆ ತಂದರೆ ಸಾಕು, ತುಂಬಿಸಿ ಕೊಡುತ್ತಿತ್ತಂತೆ. ಒಬ್ಬ ಮಾಟಗಾತಿ ಮಾತ್ರ ಜರಡಿ ತಂದು ಕರೆಯಲು ಕುಳಿತಳಂತೆ. ಎಷ್ಟು ಕರೆದರೂ ತುಂಬದು. ಕೊನೆಗೆ ದನ ತಿರುಗಿ ನೋಡಿತು, ಹಾಲೆಲ್ಲ ಮಣ್ಣು ಪಾಲಾದದ್ದನ್ನು ಕಂಡಿತು, ಮಾಯವಾಯಿತು. ಕ್ಯಾಂಪಿನವರೆಲ್ಲ ತಲೆದೂಗಿದರು. ನಾನು ಸುಮ್ಮನಿರಲಾರದೆ, "ಜರಡಿಯಲ್ಲಿ ಹಾಲು ಹಿಡಿಯುವವಳು ಎಂಥ ಪೆದ್ದಿ!" ಎಂದೆ.

"ಅವಳಿಗೆ ಹಾಲು ಬೇಕಾದ್ದೇ ಅಲ್ಲ ವಾಸು," ಎಂದೆ ನೀನು. "ಬೇರೆಯವ್ರಿಗೆ ಸಿಗ್ಬಾರ್ದು ಅಂತ, ಅಷ್ಟೇ."

ಆ ಮಾತು ನನಗೆ ತಾಗಬೇಕಿತ್ತು. ತಾಗಲಿಲ್ಲ. ಕಥೆ ಹೇಳುವ ಗತ್ತು ನೋಡು ಇವನದ್ದು ಎಂದುಕೊಂಡೆ.

ಆಮೇಲೆ ಬಂತು ಆ ಸುದ್ದಿ. ಬೇಸಿಗೆಯಲ್ಲಿ ಸಾಹೇಬರು ರಜೆಗೆ ಹೋಗುವಾಗ ಕೆಲಸಗಾರರಲ್ಲಿ ಒಬ್ಬನನ್ನು ಅಲ್ಲಿಯ ದನ ಸಾಕಣೆ ಶಾಲೆಗೆ ಕೆಲವು ವಾರಗಳ ತರಬೇತಿಗೆ ಕರೆದೊಯ್ಯುವುದು, ಮರಳಿದ ಮೇಲೆ ಅವನನ್ನೇ ಕರುಗಳ ವಿಭಾಗದ ಸೂಪರ್‌ವೈಸರ್ ಮಾಡುವುದು. ಆರಿಸುವವರು ಸಾಹೇಬರು. ಅವರು ನಿನ್ನನ್ನು ಆರಿಸಿದರು. ತರಬೇತಿ ಮುಗಿದ ಮೇಲೆ ಗುಡ್ಡ ಹತ್ತಿಸುತ್ತೇನೆ ಎಂದೂ ಹೇಳಿದರು. ನೀನು ಓಡಿ ಬಂದು ಮೊದಲು ಹೇಳಿದ್ದು ನನಗೆ. ನನ್ನ ಎರಡೂ ಕೈ ಹಿಡಿದು ಕುಣಿಸಿದೆ. ನಾನು ನಕ್ಕೆ. ಆ ನಗೆಯನ್ನು ಮುಖದ ಮೇಲೆ ಹಿಡಿದು ನಿಲ್ಲಿಸಲು ಎಷ್ಟು ಕಷ್ಟವಾಯಿತೆಂದು… ಬಿಡು.

ಮೈಯೆಲ್ಲ ಉರಿಯಿತು ಹಸನಬ್ಬ. ಗಿಣ್ಣು ನನ್ನದು, ವಿದ್ಯೆ ನನ್ನದು, ಅದೃಷ್ಟ ನಿನ್ನದು! ನಾನು ಮಾಡಿದ್ದೆಂದು ಗೊತ್ತಾದರೆ ಆ ಮುದುಕ ನನ್ನನ್ನೇ ಕರೆದೊಯ್ಯುತ್ತಿದ್ದ — ಇದು ನನ್ನ ತಲೆಯಲ್ಲಿ ಹೊಕ್ಕ ಹುಳ. ಹಾಗಾದರೆ ಹೋಗಿ ಹೇಳಬಹುದಿತ್ತಲ್ಲ? ಬರಿಗೈಯಲ್ಲಿ ಹೋಗಿ "ಅದು ನಾನು ಮಾಡಿದ್ದು" ಎನ್ನಲು ಮರ್ಯಾದೆ ಅಡ್ಡ ಬಂತು. ಇನ್ನೊಮ್ಮೆ ಮಾಡಿ, ನನ್ನ ಕೈಯಾರೆ ಒಯ್ದು ಕೊಡುವುದೆಂದು ನಿಶ್ಚಯಿಸಿದೆ.

ಆ ವಾರ ಕರು ಹಾಕಿದ್ದು ಒಂದೇ ಒಂದು ದನ, ಅದೂ ಚೊಚ್ಚಲು. ಕೆಚ್ಚಲಲ್ಲಿ ಇದ್ದದ್ದೇ ಸ್ವಲ್ಪ. ನಮ್ಮೂರಲ್ಲಾದರೆ ಒಂದು ಚೆಂಬು ಕರೆದುಕೊಂಡರೆ ಏನೂ ಆಗುವುದಿಲ್ಲ. ಕರು ತಾಯಿಯ ಮಗ್ಗುಲಲ್ಲೇ ಇರುತ್ತದೆ, ಹೊತ್ತು ಹೊತ್ತಿಗೆ ಬಾಯಿ ಹಾಕುತ್ತದೆ. ಡೈರಿಯಲ್ಲಿ ಹಾಗಲ್ಲ. ಹುಟ್ಟಿದ ಕೂಡಲೇ ಕರುವನ್ನು ಬೇರೆ ಮಾಡುತ್ತಾರೆ. ತಾಯಿಯಿಂದ ನಾನು ಕರೆದು ಕೊಟ್ಟದ್ದನ್ನು ನೀನು ಬಾಟಲಿಯಲ್ಲಿ ಕುಡಿಸಬೇಕು. ಕರುವಿನ ಪಾಲಿಗೆ ಅಷ್ಟೇ. ಇದು ನನಗೆ ಗೊತ್ತಿತ್ತು. ಆದರೂ ನನ್ನ ಮನಸ್ಸು ಊರಿನ ಲೆಕ್ಕವನ್ನೇ ಹೇಳಿತು — ಒಂದು ಚೆಂಬಿಗೆ ಏನು ಸಾಯುತ್ತದೆಯೇ ಎಂದು. ಬೇಕಾದ ಲೆಕ್ಕವನ್ನು ಬೇಕಾದಾಗ ಹಿಡಿಯುವುದು ಮನಸ್ಸಿಗೆ ಚೆನ್ನಾಗಿ ಗೊತ್ತು. ಗಟ್ಟಿ ಹಾಲನ್ನು ನನ್ನ ಡಬ್ಬಕ್ಕೆ ಸುರಿದು, ಬೇರೆ ದನದ ಮಾಮೂಲಿ ಹಾಲನ್ನು ಬಕೆಟಿಗೆ ಬೆರೆಸಿ ನಿನ್ನ ಕೈಗೆ ಕೊಟ್ಟೆ.

ನೀನು ಬಾಟಲಿಗೆ ಹೊಯ್ಯುತ್ತ ನಿಂತೆ. "ಎಂತ ಮಾರಾಯ, ಇದು ಇಷ್ಟು ತೆಳು?"

"ಚೊಚ್ಚಲು ಅಲ್ವಾ, ಹಾಗೇ."

ನೀನು ನಂಬಿದೆ. ದನದ ವಿಷಯದಲ್ಲಿ ನಾನು ಹೇಳಿದ್ದನ್ನು ನೀನು ಯಾವಾಗ ನಂಬದೆ ಇದ್ದೆ?

ಗಿಣ್ಣು ಮಾಡಿ, ಬಟ್ಟಲಿಗೆ ಹಾಕಿ, ಹೇಳಬೇಕಾದ ಇಂಗ್ಲಿಷ್ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಸಾಹೇಬರ ಮನೆಗೆ ಹೋದೆ. ಅವರಿರಲಿಲ್ಲ. ಕಾದೆ, ಬರಲಿಲ್ಲ. ಹಾಲು ಕರೆಯುವ ಸೈರನ್ ಕೂಗಿತು. ಬಟ್ಟಲನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ತಟ್ಟೆ ಮುಚ್ಚಿ ಬಂದೆ. ನಾಳೆ ಹೋಗಿ ಹೇಳಿದರಾಯಿತು ಎಂದುಕೊಂಡೆ.

ಮರುದಿನವೇ ಕರು ಕಿವಿ ಇಳಿಬಿಟ್ಟಿತು. ಆಮೇಲೆ ಭೇದಿ. ನೀನು ಉಪ್ಪು ಸಕ್ಕರೆ ನೀರು ಕುಡಿಸುತ್ತ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಬಿಸಿಲಲ್ಲಿ ಕುಳಿತಿದ್ದೆ. ನಾನು ದೂರದಿಂದ ನೋಡಿದೆ. ಹತ್ತಿರ ಬರಲಿಲ್ಲ. ಕರು ಸತ್ತಿತು. ಡಾಕ್ಟರು ಬಂದು ನೋಡಿ, ಇದಕ್ಕೆ ಮೊದಲ ಹಾಲು ಸರಿಯಾಗಿ ಸಿಕ್ಕಿಲ್ಲ ಎಂದರು.

ಅದೇ ಸಂಜೆ ಪ್ರೈಸ್ ಸಾಹೇಬರು ಹಾಲು ಕರೆಯುವ ಮನೆಗೆ ಬಂದು ನನ್ನ ಎದುರು ನಿಂತರು. ಅವರ ಮುಖ ಸುಣ್ಣದ ಹಾಗಿತ್ತು.

"ನನ್ನ ಮೇಜಿನ ಮೇಲೆ ಗಿಣ್ಣು ಇತ್ತು. ಅದನ್ನು ಮಾಡಿದ್ದು ಯಾರು?"

ಹಸನಬ್ಬ, ಆ ಒಂದು ಪ್ರಶ್ನೆಗಾಗಿ ನಾನು ಎಷ್ಟು ತಿಂಗಳು ಕಾದಿದ್ದೆ! ಮಾಡಿದ್ದು ಯಾರು ಎಂದು ಯಾರಾದರೂ ಒಮ್ಮೆ ಕೇಳಲಿ ಎಂದು ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಈಗ ಕೇಳಿದರು. ಬಾಯಿಪಾಠ ಮಾಡಿದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು.

"ಹಸನಬ್ಬ, ಸರ್," ಎಂದೆ.

ಅವರು ಕಣ್ಣು ಮುಚ್ಚಿದರು. "ಆ ಕರುವಿನ ಜೀವವನ್ನು ನಾನು ಚಮಚದಲ್ಲಿ ತಿಂದೆ," ಎಂದರು. "ನನ್ನನ್ನು ಮೆಚ್ಚಿಸಲು ಆ ಹುಡುಗ ಹೀಗೆ ಮಾಡಿದನಲ್ಲ," ಎಂದರು. ನಿನ್ನನ್ನು ಕರೆದು ಒಂದು ಮಾತು ಕೇಳಲಿಲ್ಲ. ನಿನ್ನ ಮುಖ ನೋಡುವ ಧೈರ್ಯ ಅವರಿಗಾಗಲಿಲ್ಲವೋ ಏನೋ. ಕರು ಸತ್ತದ್ದಕ್ಕೆ ಎಂದಷ್ಟೇ ಆಫೀಸಿನವರಿಂದ ಹೇಳಿಸಿ ನಿನಗೆ ಎಕ್ಸಿಟ್ ಕೊಡಿಸಿದರು. ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಕಥೆಯನ್ನು ನಾವು ಚಿಕ್ಕಂದಿನಲ್ಲಿ ಓದಿದ್ದೆವಲ್ಲ. ಓದಿ ನಕ್ಕಿದ್ದೆವು.

ನೀನು ಹೊರಟ ದಿನ ನಿನ್ನ ಪೆಟ್ಟಿಗೆ ಹೊತ್ತು ಪಿಕಪ್ಪಿಗೆ ಹಾಕಿದ್ದು ನಾನು. "ನಾನು ಬಾಟಲಿ ಸರಿ ಬೆಚ್ಚಗೆ ಮಾಡ್ಲಿಲ್ವಾ ಏನೋ," ಎಂದು ನೀನು ಮಗುವಿನ ಹಾಗೆ ಅತ್ತೆ. "ನಂಬಿ ಕೊಟ್ಟ ಕೆಲ್ಸ, ಹಾಳು ಮಾಡಿದೆ. ಸಾಹೇಬ್ರು ಬೈಲೂ ಇಲ್ಲ, ನೋಡು." ಆಮೇಲೆ ಗೋಡೆಯಿಂದ ಆ ಚಿತ್ರ ಕಿತ್ತು ನನ್ನ ಕೈಗೆ ಕೊಟ್ಟೆ. "ನಂಗಿನ್ನು ಎಂತಕ್ಕೆ? ನಿನ್ನನ್ನು ಕರ್ಕೊಂಡು ಹೋಗ್ಬಹುದು ಅವ್ರು. ಹೋದ್ರೆ ಸರಿ ನೋಡಿ ಬಾ ಆಯ್ತಾ?"

ಆ ಚಿತ್ರವನ್ನು ನನ್ನ ಗೋಡೆಗೆ ಅಂಟಿಸಿಕೊಂಡೆ. ಗೆದ್ದೆ ಅನ್ನಿಸಿತು. ಇದನ್ನೂ ನೀನು ತಿಳಿಯಬೇಕು — ಅಂದು ನನಗೆ ದುಃಖವಾಗಲಿಲ್ಲ. ಹೆದರಿಕೆ ಇತ್ತು, ಹೆದರಿಕೆಯ ಕೆಳಗೆ ಖುಷಿ ಇತ್ತು.

ನೀನು ಹೇಳಿದಂತೆಯೇ ಆಯಿತು. ಅವರು ನನ್ನನ್ನು ಕರೆದೊಯ್ದರು. ತರಬೇತಿ ಮುಗಿಸಿ, ಆ ಗುಡ್ಡದ ಬುಡದಲ್ಲಿದ್ದ ಅವರ ಅಣ್ಣನ ಮನೆಗೆ ಹೋದೆವು. ಮರುದಿನ ಬೆಳಿಗ್ಗೆ ಹತ್ತಿದೆವು. ಚಿತ್ರದಲ್ಲಿ ಕಂಡಷ್ಟು ಸಾಧು ಅಲ್ಲ ಅದು. ನೆಟ್ಟಗಿನ ಏರು. ಅರ್ಧಕ್ಕೆ ಬರುವಾಗ ಮರಳಿನಲ್ಲಿ ನಡೆದು ಮೆತ್ತಗಾಗಿದ್ದ ನನ್ನ ಕಾಲು ಸೋತಿತು. ಮೊಣಕಾಲಿನೆತ್ತರದ ನೇರಳೆ ಹೂವಿನ ಪೊದೆ, ಅದರ ನಡುವೆ ನಮ್ಮ ಕುಂಟು ನೇರಳೆಯ ಹಾಗೆ ನಾಲಿಗೆಗೆ ಬಣ್ಣ ಹಿಡಿಸುವ ಪುಟ್ಟ ಹಣ್ಣುಗಳು, ಎಲ್ಲಿ ನೋಡಿದರೂ ಕುರಿಗಳು. ನೆತ್ತಿಯಲ್ಲಿ ಆ ಕಲ್ಲಿನ ರಾಶಿಗಳು, ಮನುಷ್ಯನನ್ನು ದೂಡಿ ಹಾಕುವ ಗಾಳಿ. ಒಂದು ಕಡೆ ವೇಲ್ಸಿನ ಗುಡ್ಡಗಳು ಒಂದರ ಹಿಂದೆ ಒಂದು. ಇನ್ನೊಂದು ಕಡೆ ಇಂಗ್ಲೆಂಡಿನ ಗದ್ದೆಗಳು, ಹಸಿರು ಬೇಲಿಗಳು. ಅಲ್ಲಿ ನಿಂತಾಗ, ದೇವರಾಣೆ, ಚೆಂದ ಕಂಡಿತು. ನನ್ನ ಇಡೀ ಬದುಕಿನಲ್ಲಿ ಅಷ್ಟು ಚೆಂದದ್ದನ್ನು ನಾನು ನೋಡಿಲ್ಲ.

ಆಗ ಸಾಹೇಬರು ಒಂದು ಕಲ್ಲಿನ ಮೇಲೆ ಕುಳಿತು, "ಹಸನ್ ಇದನ್ನು ನೋಡಬೇಕಿತ್ತು," ಎಂದರು.

ಅಲ್ಲಿಯೂ ನೀನು! ಅಷ್ಟು ಎತ್ತರಕ್ಕೆ ಹತ್ತಿ ಬಂದರೂ ಅವರ ಪಕ್ಕದಲ್ಲಿ ನಿಂತದ್ದು ನಾನಲ್ಲ, ನೀನೇ. ಮತ್ತೆ ಉರಿದೆ. ಅವರು ತಲೆ ತಗ್ಗಿಸಿ, "ನಾನು ದುಡುಕಿದೆ. ಅವನನ್ನೇ ಒಂದು ಮಾತು ಕೇಳಬೇಕಿತ್ತು. ಒಂದು ಕರು ತಾನೇ. ಕೇಳಿದ್ದರೆ ನಿಜ ಹೇಳುತ್ತಿದ್ದ, ಕ್ಷಮಿಸಿಬಿಡುತ್ತಿದ್ದೆ. ಪತ್ರ ಬರೆದು ಮತ್ತೆ ಕರೆಸಲೇ?" ಎಂದು ನನ್ನನ್ನು ಕೇಳಿದರು.

ಮೊದಲ ಸುಳ್ಳು ಹೆದರಿ ಹೇಳಿದ್ದು ಎಂದು ಬೇಕಾದರೆ ಹೇಳಿಕೊಳ್ಳಬಹುದು. ಇದಕ್ಕೆ ಏನೆನ್ನಲಿ? ಅಲ್ಲಿ ನಾನು ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ. "ಹೂಂ, ಕರೆಸಿ" ಎಂದು ತಲೆಯಾಡಿಸಿದ್ದರೆ ಸಾಕಿತ್ತು. ನೀನು ಮರಳಿ ಬರುತ್ತಿದ್ದೆ, ನನ್ನ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತೋ ಏನೋ. ನಾನು ಹೇಳಿದೆ: "ಅವನಿಗೆ ನಾಚಿಕೆಯಾಗಿದೆ ಸರ್. ಇನ್ನು ನಿಮ್ಮ ಮುಖ ನೋಡಲಾರೆ ಅಂದಿದ್ದಾನೆ."

ಅವರು ತಲೆಯಾಡಿಸಿದರು. ಅಲ್ ಖರ್ಜಿಗೆ ಮರಳಿದೆವು. ನನ್ನನ್ನು ಸೂಪರ್‌ವೈಸರ್ ಮಾಡಿದರು. ಶುಕ್ರವಾರ ಅವರ ಜಗಲಿಗೆ ಮಾತ್ರ ಎಂದೂ ಕರೆಯಲಿಲ್ಲ. ನಾನೂ ಗಿಣ್ಣು ಮಾಡಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ಊರಿಗೆ ಹೋದರು. ಬದುಕಿದ್ದಾರೋ ಇಲ್ಲವೋ ತಿಳಿಯದು.

ಇಷ್ಟು ವರ್ಷ ಇದನ್ನು ಒಳಗಿಟ್ಟುಕೊಂಡು ನಾನು ಚೆನ್ನಾಗಿಯೇ ಉಂಡೆ, ಚೆನ್ನಾಗಿಯೇ ಮಲಗಿದೆ. ಸುಳ್ಳು ಹೇಳುವುದಿಲ್ಲ. ನೀನು ಪೇಟೆಯಲ್ಲಿ ಅಂಗಡಿ ಹಾಕಿ ನೆಲೆಯಾಗಿದ್ದೀಯ ಎಂದು ಕೇಳಿ, ಆದದ್ದೆಲ್ಲ ಒಳ್ಳೆಯದಕ್ಕೇ ಎಂದು ಸಮಾಧಾನ ಮಾಡಿಕೊಂಡಿದ್ದೆ. ಪ್ರತಿ ಹಬ್ಬಕ್ಕೆ ನೀನು ಯಾರ ಕೈಯಲ್ಲಾದರೂ ಸಲಾಂ ಹೇಳಿ ಕಳಿಸುತ್ತಿದ್ದೆ, ನಾನು ತಿರುಗಿ ಕಳಿಸುತ್ತಿದ್ದೆ.

ಕಳೆದ ವಾರ ಮೂಡುಬಿದಿರೆಯ ಒಂದು ಮದುವೆಯಲ್ಲಿ ನಿನ್ನ ಮಗ ಸಿಕ್ಕಿದ. ಗಲ್ಫಿನ ವಾಸಣ್ಣ ಎಂದು ಗೊತ್ತಾದ ಕೂಡಲೇ ಪಕ್ಕದಲ್ಲಿ ಕುಳಿತ. ಮನೆಯಲ್ಲಿ ಈಗ ದನ ಸಾಕಿದ್ದೇವೆ ಎಂದ. ನಾನು ಉಮೇದಿನಲ್ಲಿ, "ನಿನ್ನ ಬಾಪನಿಗೆ ಖುಷಿಯಾಗಿರ್ಬೇಕಲ್ಲ, ಕರುಗಳು ಅಂದ್ರೆ ಪ್ರಾಣ ಅವನಿಗೆ," ಎಂದೆ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಬಾಪ ದನದ ಹಟ್ಟಿಗೆ ಕಾಲೇ ಇಡುದಿಲ್ಲ ವಾಸಣ್ಣ. ದನ ಕರು ಹಾಕುವ ದಿನ ಮನೆಯಲ್ಲೂ ಇರುದಿಲ್ಲ, ಪೇಟೆಗೆ ಹೋಗಿ ಕೂರ್ತಾರೆ. ನನ್ನ ಕೈ ಕರುಗಳಿಗೆ ಆಗಿ ಬರುದಿಲ್ಲ, ನನ್ನ ಕೈಗುಣ ಕೆಟ್ಟದು ಅಂತಾರೆ. ಯಾಕೆ ಅಂತ ಕೇಳಿದ್ರೆ ಹೇಳುದಿಲ್ಲ. ಮೊನ್ನೆ ಒಂದು ಕರು ಹುಟ್ಟಿದೆ. ಬೇಲಿಯ ಹೊರಗೆ ನಿಂತು ನೋಡ್ತಾರೆ, ಒಳಗೆ ಬರುದಿಲ್ಲ."

ಎಲೆಯ ಮುಂದಿನಿಂದ ಎದ್ದು ಬಂದೆ. ನಿನಗೆ ಕೆಲಸ ಹೋಯಿತು, ಒಂದು ಗುಡ್ಡ ಹೋಯಿತು — ಅಷ್ಟೇ ಎಂದು ತಿಳಿದಿದ್ದೆ. ಇಷ್ಟು ವರ್ಷ ನಿನ್ನ ಕೈಗಳನ್ನೇ ನೀನು ನಂಬದೆ ಬದುಕಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದು ನೆಪವಲ್ಲ. ತಿಳಿಯಲು ನಾನು ಒಮ್ಮೆಯಾದರೂ ನಿನ್ನ ಮನೆಗೆ ಬರಬೇಕಿತ್ತು. ಬರಲಿಲ್ಲ.

ನಾಳೆ ಬೆಳಿಗ್ಗೆ ಬಜಪೆಗೆ ಬರುತ್ತಿದ್ದೇನೆ. ನಿನ್ನ ಹೆಂಡತಿ, ಮಕ್ಕಳ ಎದುರಿಗೇ ಇದನ್ನೆಲ್ಲ ಓದುತ್ತೇನೆ. ಆಮೇಲೆ ನೀನು ನನಗೆ ಹೊಡೆ, ಉಗಿ, ಗೇಟಿನಿಂದಾಚೆ ಹಾಕು. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಒಂದೇ ಒಂದು ಮಾತು ಕೇಳುತ್ತೇನೆ, ಇದೊಂದನ್ನು ನಡೆಸಿಕೊಡು: ನಾನು ಓದಿ ಮುಗಿಸಿದ ಮೇಲೆ ನನ್ನನ್ನು ಅಂಗಳದಲ್ಲೇ ಬಿಟ್ಟು, ನೀನು ಹಟ್ಟಿಯೊಳಗೆ ಹೋಗು ಹಸನಬ್ಬ. ಆ ಕರುವಿನ ಬೆನ್ನ ಮೇಲೆ ಕೈಯಿಡು.